ಬೆಂಕಿ ಕಾಣದ ಬಣ್ಣ

ಹೊಸ ಮನೆಯ ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಉಳಿದುಕೊಳ್ಳುವ ಸಾಮಾನುಗಳಲ್ಲಿ ನಾಲ್ಕಾರು ಬಿಳಿಯ ಪಿಂಗಾಣಿ ಬಿಲ್ಲೆಗಳು ಇದ್ದೇ ಇರುತ್ತವೆ. ಸ್ನಾನದ ಮನೆಯ ಗೋಡೆಗೆಂದು ತಂದು ಮಿಕ್ಕವು ಅವು. ಎಸೆಯಲು ಮನಸ್ಸು ಬಾರದು. ಇಟ್ಟುಕೊಂಡರೆ ಉಪಯೋಗ ಕಾಣದು. ಅಂತಹ ಒಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಮದ್ಯಸಾರದ ಶಾಯಿಯ ಒಂದು ಹನಿಯನ್ನು ಬೀಳಿಸಿದರೆ ನಡೆಯುವ ಸಂಗತಿ ಮಕ್ಕಳನ್ನೂ ಹಿರಿಯರನ್ನೂ ಒಂದೇ ಸಮನಾಗಿ ಬೆರಗುಗೊಳಿಸುತ್ತದೆ. ನೀಲಿಯ ಹನಿ ಬಿದ್ದ ಜಾಗದಲ್ಲಿ ನಿಲ್ಲುವುದಿಲ್ಲ. ಹೂವು ಬಿರಿದಂತೆ ನಾಲ್ಕು ದಿಕ್ಕಿಗೂ ಅರಳುತ್ತದೆ. ಅದರ ಪಕ್ಕದಲ್ಲಿ ಹಳದಿಯ ಹನಿಯೊಂದು ಬಿದ್ದರೆ, ಎರಡರ ನಡುವೆ ಯಾರೂ ಬಳಿಯದ ಹಸುರಿನ ಅಂಚು ತಾನಾಗಿ ಮೂಡುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ದ್ರವ ಆರಿ, ಸಮುದ್ರವೋ ಮೋಡವೋ ನವಿಲಿನ ಗರಿಯೋ ಎನ್ನುವಂತಹ ಚಿತ್ರವೊಂದು ಉಳಿಯುತ್ತದೆ. ಕುಂಚ ಹಿಡಿದು ಅಭ್ಯಾಸವಿಲ್ಲದವರಿಗೂ ಒಲಿಯುವ ಈ ಕಲೆ ನಗರಗಳ ಮನೆಗಳಲ್ಲಿ ಮೆಚ್ಚುಗೆ ಗಳಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗೃಹಪ್ರವೇಶದ ಕಾಣಿಕೆಯೆಂದು ಮೊಮ್ಮಗಳು ಎಂಟು ಬಿಲ್ಲೆಗಳ ಮೇಲೆ ಬಣ್ಣ ಹರಿಸಿ, ಅವುಗಳ ಮೇಲೆ ಅಜ್ಜಿಯ ಹೆಸರನ್ನು ಅದೇ ಶಾಯಿಯಲ್ಲಿ ಬರೆದು, ಹೆಬ್ಬಾಗಿಲಿನ ಪಕ್ಕದಲ್ಲಿ ಪಡುವಣ ಬಿಸಿಲು ಬೀಳುವ ಗೋಡೆಗೆ ಅಂಟಿಸುತ್ತಾಳೆ. ಬಂದ ನೆಂಟರೆಲ್ಲರೂ ಹೊಗಳುತ್ತಾರೆ. ಅಜ್ಜಿಯ ಕಣ್ಣು ತುಂಬುತ್ತದೆ. ಮಳೆಗಾಲ ಕಳೆದು, ಚಳಿಗಾಲ ಕಳೆದು, ಮತ್ತೊಂದು ಬೇಸಗೆ ಬರುವ ವೇಳೆಗೆ ನೇರಳೆಯಿದ್ದಲ್ಲಿ ಬೂದಿಯ ಛಾಯೆ. ಗುಲಾಬಿಯಿದ್ದಲ್ಲಿ ಏನೂ ಇಲ್ಲ. ಅಜ್ಜಿಯ ಹೆಸರು ಹಳೆಯ ಕಾಗದದ ಮೇಲಿನ ಮುದ್ರೆಯಂತೆ ಮಾಸಿ ನಿಂತಿದೆ. ಇದರಲ್ಲಿ ತಪ್ಪು ಯಾರದು? ಮೊಮ್ಮಗಳ ಕೈಯದಲ್ಲ, ಶಾಯಿಯ ಅಂಗಡಿಯದೂ ಅಲ್ಲ. ಆ ಬಣ್ಣ ಬೆಂಕಿಯನ್ನು ಕಂಡಿರಲಿಲ್ಲ, ಅಷ್ಟೆ. ಪಿಂಗಾಣಿಯ ಮೇಲೆ ಬಣ್ಣವಿಡುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದ ಸಂಗತಿ ಇದೊಂದೇ.

ಶಾಯಿಯ ಹುಟ್ಟು

ಮದ್ಯಸಾರದ ಶಾಯಿಯೆಂದರೆ ಬಹುಮಟ್ಟಿಗೆ ಕೃತಕ ವರ್ಣದ್ರವ್ಯವನ್ನು ನೀರಿಗೆ ಬದಲಾಗಿ ಮದ್ಯಸಾರದಲ್ಲಿ ಕರಗಿಸಿದ ದ್ರವ. ಈ ಎರಡರ ನಂಟು ಇಂದು ನಿನ್ನೆಯದಲ್ಲ. ೧೮೫೬ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ, ಮಲೇರಿಯಾ ಜ್ವರದ ಔಷಧಿಯಾದ ಕ್ವಿನೈನನ್ನು ತಯಾರಿಸಲು ಹೊರಟು, ಪಾತ್ರೆಯ ತಳದಲ್ಲಿ ಕಪ್ಪು ಗಷ್ಟನ್ನು ಮಾತ್ರ ಪಡೆದನು. ಆ ಗಷ್ಟನ್ನು ಮದ್ಯಸಾರದಿಂದ ತೊಳೆಯುವಾಗ ಸೊಗಸಾದ ನೇರಳೆಯ ಬಣ್ಣ ಕರಗಿ ಬಂದಿತು. ಅದೇ ‘ಮಾವ್’ ಎಂದು ಹೆಸರಾದ, ವ್ಯಾಪಾರಕ್ಕೆ ಬಂದ ಕೃತಕ ಬಣ್ಣಗಳಲ್ಲಿ ಮೊದಲನೆಯದೆಂದು ಗಣಿಸಲ್ಪಡುವ ವರ್ಣ. ಔಷಧಿಯನ್ನು ಹುಡುಕಿದವನಿಗೆ ಬಣ್ಣ ಸಿಕ್ಕಿತು. ಅದನ್ನು ಹೊರಗೆಳೆದು ತೋರಿಸಿದ್ದು ಮದ್ಯಸಾರ.

ಅಂದಿನಿಂದ ಇಂದಿನವರೆಗೆ ಇಂತಹ ಬಣ್ಣಗಳು ಸಾವಿರಾರು ಹುಟ್ಟಿವೆ. ಎಲ್ಲರ ಮನೆಯಲ್ಲಿಯೂ ಇರುವ, ಡಬ್ಬಿಗಳ ಮೇಲೆ ಹೆಸರು ಬರೆಯುವ ಅಳಿಸದ ಮಾರ್ಕರ್ ಲೇಖನಿಯ ಶಾಯಿಯೂ ಸಾಮಾನ್ಯವಾಗಿ ಇದೇ ಕುಲದ್ದು. ಬಿಲ್ಲೆಯ ಮೇಲೆ ಆ ಲೇಖನಿಯಿಂದ ಗೀಚಿ, ಮೇಲೆ ಎರಡು ಹನಿ ಸ್ಪಿರಿಟ್ಟನ್ನು ಬಿಟ್ಟು ನೋಡಿದರೆ ‘ಅಳಿಸದ’ ಎಂಬ ವಿಶೇಷಣದ ಬೆಲೆ ತಿಳಿಯುತ್ತದೆ. ಗೀಟು ಕರಗಿ ಹರಿದು ಚಿತ್ರವಾಗಿಬಿಡುತ್ತದೆ. ನೀರಿಗೆ ಜಗ್ಗದ ಬಣ್ಣ ತನ್ನನ್ನು ಕರಗಿಸಿದ ದ್ರವಕ್ಕೆ ಮತ್ತೆ ಶರಣಾಗುತ್ತದೆ.

ಹರಿಯುವುದರ ಗುಟ್ಟು

ಈ ಶಾಯಿ ಅಷ್ಟು ಚುರುಕಾಗಿ ಹರಡಲು ಕಾರಣವೇನು? ಪ್ರತಿಯೊಂದು ದ್ರವದ ಮೇಲ್ಮೈಯೂ ಬಿಗಿದ ತೆಳುಪೊರೆಯಂತೆ ತನ್ನನ್ನು ತಾನು ಒಳಕ್ಕೆ ಎಳೆದುಕೊಳ್ಳುತ್ತದೆ. ತಾವರೆಯ ಎಲೆಯ ಮೇಲೆ ನೀರು ಮುತ್ತಾಗುವುದಕ್ಕೆ ಈ ಎಳೆತವೂ ಒಂದು ಕಾರಣ. ನೀರಿನ ಎಳೆತವನ್ನು ೭೨ ಎಂದು ಅಳೆದರೆ ಮದ್ಯಸಾರದ್ದು ಸುಮಾರು ೨೨ ಮಾತ್ರ. ಎಳೆದು ಹಿಡಿಯುವ ಬಲ ಕಡಿಮೆಯಾದುದರಿಂದ ಹನಿ ಮುತ್ತಾಗದೆ ಹಾಳೆಯಾಗಿ ಹಾಸಿಕೊಳ್ಳುತ್ತದೆ. ಕಾಗದವಾಗಿದ್ದರೆ ಅದನ್ನು ಹೀರಿಕೊಂಡು ನಿಲ್ಲಿಸಿಬಿಡುತ್ತಿತ್ತು. ಪಿಂಗಾಣಿಯ ಮೇಲಿರುವುದು ಗಾಜಿನ ಲೇಪ. ಅದರಲ್ಲಿ ಹೀರುವ ರಂಧ್ರಗಳಿಲ್ಲ. ಆದುದರಿಂದ ಬಣ್ಣ ಆರುವ ತನಕ ಅಲೆದಾಡುತ್ತಲೇ ಇರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಒಂದೇ ಪದರದಲ್ಲಿ ಒಂದು ಕಡೆ ಮದ್ಯಸಾರ ಹೆಚ್ಚಾಗಿ, ಇನ್ನೊಂದು ಕಡೆ ಅದು ಆವಿಯಾಗಿ ಕಡಿಮೆಯಾದರೆ, ಎಳೆತ ಹೆಚ್ಚಿರುವ ಕಡೆಗೆ ದ್ರವ ಓಡುತ್ತದೆ. ಮದ್ಯದ ಬಟ್ಟಲಿನ ಒಳಮೈಯಲ್ಲಿ ಕಣ್ಣೀರಿನಂತೆ ಇಳಿಯುವ ಹನಿಗಳನ್ನು ನೋಡಿ ೧೮೫೫ರಲ್ಲಿ ಜೇಮ್ಸ್ ಥಾಮ್ಸನ್ ಎಂಬ ವಿಜ್ಞಾನಿ ಈ ಕಾರಣವನ್ನು ವಿವರಿಸಿದನು. ಈತ ಪ್ರಸಿದ್ಧನಾದ ಲಾರ್ಡ್ ಕೆಲ್ವಿನನ ಅಣ್ಣ. ಹತ್ತು ವರ್ಷಗಳ ಬಳಿಕ, ೧೮೬೫ರಲ್ಲಿ, ಇಟಲಿಯ ಕಾರ್ಲೊ ಮಾರಂಗೋನಿ ಇದೇ ವಿಷಯದ ಮೇಲೆ ಪ್ರಬಂಧವನ್ನು ಪ್ರಕಟಿಸಿದನು. ಪರಿಣಾಮಕ್ಕೆ ಅವನ ಹೆಸರೇ ನಿಂತಿತು. ಅರ್ಧ ಆರಿದ ಬಣ್ಣದ ಮೇಲೆ ಬರಿಯ ಮದ್ಯಸಾರದ ಹನಿಯೊಂದು ಬಿದ್ದಾಗ, ಬಣ್ಣವೆಲ್ಲ ಹೆದರಿ ಹಿಂಜರಿದಂತೆ ಸುತ್ತಲೂ ಸರಿದು ನಡುವೆ ಬಿಳಿಯ ವೃತ್ತ ತೆರೆಯುತ್ತದಲ್ಲವೆ? ಬಿಲ್ಲೆಯ ಮೇಲೆ ಈ ಎಳೆದಾಟವೇ ಚಿತ್ರಕಾರನ ಕೆಲಸ ಮಾಡುತ್ತದೆ. ಆ ವೃತ್ತದ ಅಂಚಿನಲ್ಲಿ ಗಾಢವಾದ ಗೆರೆ ಉಳಿಯುವುದೂ ಉಂಟು. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚು ಮಾತ್ರ ಕಪ್ಪಾಗುವುದನ್ನು ನೋಡಿದವರಿಗೆ ಇದು ಹೊಸದೆನಿಸದು.

ಹರಿಯದಂತೆ ತಡೆದವರು

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಬೇಕು. ಇಂದಿನ ಹವ್ಯಾಸಿಗೆ ಬಣ್ಣ ಹರಿಯುವುದೇ ಹಬ್ಬ. ಆದರೆ ಶತಮಾನಗಳ ಕಾಲ ಬಿಲ್ಲೆಗಳಿಗೆ ಬಣ್ಣವಿಟ್ಟ ಕುಶಲಕರ್ಮಿಗಳು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದು ಬಣ್ಣ ಹರಿಯದಂತೆ ತಡೆಯುವುದಕ್ಕೆ. ಅವರ ಬಣ್ಣ ಆವಿಗೆಯೊಳಗೆ ಕರಗಿ ಗಾಜಾಗಬೇಕಾಗಿತ್ತು. ಕರಗಿದ ಗಾಜು ಸುಮ್ಮನಿರದು, ಪಕ್ಕದ ಬಣ್ಣದೊಳಕ್ಕೆ ನುಗ್ಗುತ್ತದೆ.

ಇದಕ್ಕೆ ಪರ್ಷಿಯಾದವರೂ ಮಧ್ಯ ಏಷ್ಯಾದವರೂ ಎರಡು ಉಪಾಯಗಳನ್ನು ಬಳಸಿದರು. ಒಂದು, ಬಣ್ಣಗಳ ನಡುವೆ ಮ್ಯಾಂಗನೀಸನ್ನು ಜಿಡ್ಡಿನಲ್ಲಿ ಕಲೆಸಿದ ಸಣ್ಣ ಗೆರೆಯನ್ನೆಳೆದು ಬದು ಕಟ್ಟುವುದು. ಗದ್ದೆಯ ನೀರು ಬದು ದಾಟದಂತೆ ಬಣ್ಣವೂ ಆ ಗೆರೆಯನ್ನು ದಾಟದು. ಸ್ಪೇನಿನವರು ಈ ಕ್ರಮವನ್ನು ‘ಒಣ ಹುರಿ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಇನ್ನೊಂದು, ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇರೆಬೇರೆಯಾಗಿ ಸುಟ್ಟು, ಬೇಕಾದ ಆಕಾರಕ್ಕೆ ಕತ್ತರಿಸಿ, ಚೂರುಗಳನ್ನು ಒತ್ತಾಗಿ ಜೋಡಿಸುವುದು. ಇದರಲ್ಲಿ ಬಣ್ಣಗಳು ಪರಸ್ಪರ ಮುಟ್ಟುವುದೇ ಇಲ್ಲ. ಒಂದು ಎಲೆಯ ಚಿತ್ರಕ್ಕೆ ಹತ್ತಾರು ಚೂರುಗಳು ಬೇಕಾದರೂ ಬೇಸರಿಸದ ತಾಳ್ಮೆ ಅದು. ಪರ್ಷಿಯಾದ ಕಾಶಾನ್ ಊರು ಈ ವಿದ್ಯೆಗೆ ಎಷ್ಟು ಹೆಸರಾಗಿತ್ತೆಂದರೆ, ಬಣ್ಣದ ಬಿಲ್ಲೆಗೆ ಪಾರ್ಸಿ ಭಾಷೆಯಲ್ಲಿ ‘ಕಾಶಿ’ ಎಂದೇ ಹೆಸರಾಯಿತು. ಆ ಊರಿನ ಕುಂಬಾರರ ಮನೆತನದಲ್ಲಿ ಹುಟ್ಟಿದ ಅಬುಲ್ ಕಾಸಿಂ ಎಂಬಾತನು ೧೩೦೧ರಲ್ಲಿ ಪಿಂಗಾಣಿಯ ದ್ರವ್ಯಗಳನ್ನೂ ಸುಡುವ ಕ್ರಮವನ್ನೂ ವಿವರಿಸಿ ಬರೆದಿಟ್ಟಿದ್ದಾನೆ.

ಈ ವಿದ್ಯೆಯ ಸಾಕ್ಷಿ ಕರ್ನಾಟಕದಲ್ಲಿಯೇ ಇದೆ. ಬೀದರಿನ ಮದರಸವನ್ನು ೧೪೭೨ರಲ್ಲಿ ಕಟ್ಟಿಸಿದವನು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದವನು. ವಿದ್ಯೆಗೆ ಮಂದಿರ ಕಟ್ಟಿದ ಆ ಮಂತ್ರಿಗೆ ೧೪೮೧ರಲ್ಲಿ ಸುಲ್ತಾನನ ಅಪ್ಪಣೆಯಿಂದಲೇ ಮರಣದಂಡನೆಯಾಯಿತು. ಮೂರಂತಸ್ತಿನ ಆ ಕಟ್ಟಡದ ಮುಂಭಾಗದ ಬಹುಪಾಲು ಇಂದು ಉಳಿದಿಲ್ಲ. ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಆದರೂ ಆ ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಸಾಗುವ ಬಿಲ್ಲೆಗಳ ಸಾಲನ್ನು, ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ನೀಲಿ, ಹಸುರು, ಬಿಳುಪುಗಳನ್ನು ನೋಡಿದವರು ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರರು. ಐನೂರೈವತ್ತು ಬೇಸಗೆಗಳ ಬಿಸಿಲು ಅವುಗಳ ಮೇಲೆ ಬಿದ್ದಿದೆ. ಬಿಲ್ಲೆಗಳು ಉದುರಿವೆ, ಬಣ್ಣ ಉದುರಿಲ್ಲ. ಅದೇ ಊರಿನ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿಯೂ ಇಂತಹ ಬಿಲ್ಲೆಗಳ ಕೆಲಸವನ್ನು ನೋಡಬಹುದು.

ಒಂದು ಉಳಿದು, ಒಂದು ಅಳಿಯುವುದೇಕೆ?

ಬೀದರಿನ ಬಣ್ಣ ಉಳಿದು, ಮೊಮ್ಮಗಳ ಬಣ್ಣ ಅಳಿಯಿತು. ಇದರ ರಹಸ್ಯ ಬಣ್ಣ ಎಲ್ಲಿದೆ ಎಂಬುದರಲ್ಲಿದೆ. ಸುಟ್ಟ ಬಿಲ್ಲೆಯಲ್ಲಿ ಬಣ್ಣವು ಗಾಜಿನ ಮೇಲಿಲ್ಲ, ಗಾಜಿನ ಒಳಗಿದೆ. ನೀಲಿಗೆ ಕೋಬಾಲ್ಟ್, ವೈಡೂರ್ಯದಂತಹ ಹಸುರುನೀಲಿಗೆ ತಾಮ್ರ, ನೇರಳೆಗೂ ಕಪ್ಪಿಗೂ ಮ್ಯಾಂಗನೀಸ್, ಬಿಳುಪಿಗೆ ತವರ: ಇವೆಲ್ಲವೂ ಲೋಹದ ದ್ರವ್ಯಗಳು. ಮರಳು ಮತ್ತು ಕ್ಷಾರದ ಪುಡಿಯೊಡನೆ ಇವನ್ನು ಕಲೆಸಿ ಸಾವಿರ ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಕಾಯಿಸಿದಾಗ, ಎಲ್ಲವೂ ಕರಗಿ ಒಂದಾಗಿ ಗಾಜಾಗುತ್ತವೆ. ನೂರಕ್ಕೆ ಒಂದು ಪಾಲು ಕೋಬಾಲ್ಟ್ ಸೇರಿದರೂ ಸಾಕು, ಲೇಪವೆಲ್ಲ ಕಡುನೀಲಿಯಾಗುತ್ತದೆ. ಹೀಗೆ ಗಾಜಿನ ಕಟ್ಟಡದೊಳಗೆ ಸೆರೆಯಾದ ಲೋಹದ ಕಣವನ್ನು ಬಿಸಿಲು ಒಡೆಯಲಾರದು, ಸ್ಪಿರಿಟ್ಟು ಕರಗಿಸಲಾರದು.

ಮದ್ಯಸಾರದ ಶಾಯಿಯ ಬಣ್ಣವಾದರೋ ಇಂಗಾಲದ ಸರಪಳಿಯಿಂದ ಹೆಣೆದ ಅಣು. ಅದು ಗಾಜಿನ ಮೇಲೆ ತೆಳುವಾದ ಪೊರೆಯಾಗಿ ಕುಳಿತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಬಿಸಿಲಿನ ಕಿರಣಗಳು, ಅದರಲ್ಲಿಯೂ ನೇರಳಾತೀತ ಕಿರಣಗಳು, ಆ ಹೆಣಿಗೆಯ ಕೊಂಡಿಗಳನ್ನು ಒಂದೊಂದಾಗಿ ಮುರಿಯುತ್ತವೆ. ಕೊಂಡಿ ಮುರಿದ ಅಣುವಿಗೆ ಬಣ್ಣವಿಲ್ಲ. ಗುಲಾಬಿ ಮತ್ತು ನೇರಳೆಗಳು ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಇಂತಹ ಸೋಲನ್ನು ಮಹಾಕಲಾವಿದರೂ ಕಂಡಿದ್ದಾರೆ. ವಾನ್ ಗೋ ೧೮೯೦ರಲ್ಲಿ ಗುಲಾಬಿ ಬಣ್ಣದಲ್ಲಿ ಚಿತ್ರಿಸಿದ ಹೂವುಗಳು, ಕೆಂಪು ಬಣ್ಣ ಬೆಳಕಿಗೆ ಮಾಸಿದುದರಿಂದ, ಇಂದು ಬಹುಪಾಲು ಬೆಳ್ಳಗೆ ಕಾಣುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ದೊಣ್ಣೆಯೂ ಬೇಡ, ಬಿಸಿಲೇ ಸಾಕು.

ಹಾಗಾದರೆ ಬಿಲ್ಲೆಯನ್ನು ಶಾಯಿ ಆರಿದ ಮೇಲೆ ಆವಿಗೆಯಲ್ಲಿಟ್ಟು ಸುಟ್ಟರಾಗದೆ ಎಂದು ಕೆಲವರು ಕೇಳಬಹುದು. ಸುಟ್ಟರೆ ಬಣ್ಣ ಹೊಗೆಯಾಗಿ ಹೋಗಿ ಬಿಲ್ಲೆ ಮೊದಲಿನಂತೆ ಬೆಳ್ಳಗೆ ಹೊರಬರುತ್ತದೆ. ಬೆಂಕಿಯನ್ನು ತಾಳುವ ಬಣ್ಣವೇ ಬೇರೆ.

ಮನೆಯಲ್ಲಿಯೇ ಒಂದು ಪರೀಕ್ಷೆ

ಬಟ್ಟೆಯ ಗಿರಣಿಗಳಲ್ಲಿ ಬಣ್ಣದ ಬಾಳಿಕೆಯನ್ನು ಅಳೆಯಲು ನೀಲಿ ಉಣ್ಣೆಯ ಎಂಟು ಪಟ್ಟಿಗಳ ಮಾನದಂಡವೊಂದಿದೆ. ಒಂದನೆಯದು ಬೇಗ ಮಾಸುವಂಥದು, ಎಂಟನೆಯದು ಬಹುಕಾಲ ನಿಲ್ಲುವಂಥದು. ಒಂದೊಂದು ಪಟ್ಟಿಯೂ ಹಿಂದಿನದಕ್ಕಿಂತ ಸುಮಾರು ಎರಡು ಪಾಲು ಬೆಳಕನ್ನು ತಾಳುತ್ತದೆ. ಮನೆಯವರಿಗೆ ಅಷ್ಟು ಸಲಕರಣೆ ಬೇಕಿಲ್ಲ. ತಮ್ಮಲ್ಲಿರುವ ಬಣ್ಣಗಳನ್ನೆಲ್ಲ ಒಂದು ಬಿಲ್ಲೆಯ ಮೇಲೆ ಪಟ್ಟಿ ಪಟ್ಟಿಯಾಗಿ ಹಚ್ಚಿ, ಅರ್ಧಭಾಗವನ್ನು ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ತಿಂಗಳಿಟ್ಟು ತೆರೆದು ನೋಡಿದರೆ ಸಾಕು. ಯಾವ ಬಣ್ಣ ನಂಬಿಕೆಗೆ ಅರ್ಹ, ಯಾವುದು ಅಲ್ಲ ಎಂಬುದು ಕಣ್ಣೆದುರಿಗೇ ನಿಲ್ಲುತ್ತದೆ. ಅಂಗಡಿಯವನ ಮಾತಿಗಿಂತ ಈ ಬಿಲ್ಲೆಯ ಮಾತು ನಿಜ.

ಕೆಲಸದ ಕ್ರಮ

ಬಣ್ಣದ ಆಯುಷ್ಯವನ್ನು ಅರಿತವರು ಇನ್ನು ನಿಶ್ಚಿಂತೆಯಿಂದ ಕೆಲಸಕ್ಕೆ ಕೂರಬಹುದು. ಹೊಳಪಿನ ಲೇಪವಿರುವ ಬಿಳಿಯ ಬಿಲ್ಲೆಯನ್ನೇ ಆರಿಸಿಕೊಳ್ಳಬೇಕು. ಬೆರಳಿನ ಜಿಡ್ಡಿದ್ದ ಕಡೆ ಬಣ್ಣ ಹರಡದು. ಆದುದರಿಂದ ಮೊದಲು ಬಿಲ್ಲೆಯನ್ನು ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಅವಶ್ಯಕ. ಶಾಯಿಯನ್ನು ತೆಳುಮಾಡಲು ಐಸೊಪ್ರೊಪೈಲ್ ಮದ್ಯಸಾರವನ್ನು ಬಳಸುತ್ತಾರೆ. ಅದು ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ಶುದ್ಧವಾಗಿದ್ದರೆ ಲೇಸು. ೨೦೨೦ರ ಮಹಾಮಾರಿಯ ಕಾಲದಲ್ಲಿ ಮನೆಮನೆಗೂ ಬಂದ ಕೈಶುದ್ಧಿಯ ದ್ರವ ಈ ಕೆಲಸಕ್ಕೆ ಬಾರದು. ಅದರಲ್ಲಿ ನೀರಿನೊಡನೆ ಚರ್ಮದ ರಕ್ಷಣೆಗೆಂದು ಗ್ಲಿಸರಿನ್ ಮೊದಲಾದವು ಸೇರಿರುತ್ತವೆ. ಬಿಲ್ಲೆ ಅಂಟಂಟಾಗಿ ಉಳಿಯುತ್ತದೆ.

ಎರಡು ಅಥವಾ ಮೂರು ಬಣ್ಣಗಳು ಸಾಕು. ಎಲ್ಲವನ್ನೂ ಸುರಿದರೆ ಕೊನೆಗೆ ಸಿಗುವುದು ಕೆಸರಿನ ಬಣ್ಣ. ಹನಿಗಳನ್ನು ಬಿಟ್ಟು, ಬಿಲ್ಲೆಯನ್ನು ಓರೆಮಾಡಿಯೋ, ಸಣ್ಣ ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಿಯೋ ಹರಿವಿಗೆ ದಾರಿ ತೋರಿಸಬಹುದು. ಹಿಡಿಸದಿದ್ದರೆ ಒರೆಸಿ ಮತ್ತೆ ಆರಂಭಿಸಬಹುದು. ಮುಗಿದ ಬಿಲ್ಲೆಯನ್ನು ಒಂದು ಇಡೀ ದಿನ ಆರಲು ಬಿಟ್ಟು, ಅನಂತರ ಆಕ್ರಿಲಿಕ್ ವಾರ್ನಿಷನ್ನು ತುಂತುರಾಗಿ, ಅಂಗೈಯ ಎರಡರಷ್ಟು ದೂರದಿಂದ, ತೆಳುವಾಗಿ ಮೂರು ನಾಲ್ಕು ಸಲ ಸಿಂಪಡಿಸಬೇಕು. ಕುಂಚದಿಂದ ಬಳಿದರೆ ಬಣ್ಣ ಕದಡುವ ಸಂಭವವುಂಟು. ನೇರಳಾತೀತ ಕಿರಣಗಳನ್ನು ತಡೆಯುವ ವಾರ್ನಿಷ್ ಸಿಗುತ್ತದೆ. ಅದು ಮಾಸುವುದನ್ನು ನಿಧಾನಿಸುತ್ತದೆಯೇ ವಿನಾ ನಿಲ್ಲಿಸುವುದಿಲ್ಲ. ಇಂತಹ ಬಿಲ್ಲೆಯ ಮೇಲೆ ಸುಡುವ ಕಾಫಿಯ ಲೋಟವನ್ನಿಟ್ಟರೆ ವಾರ್ನಿಷ್ ಮೆತ್ತಗಾಗಿ ಅಂಟಿಕೊಳ್ಳಬಹುದು. ಊಟದ ಪದಾರ್ಥ ತಗುಲುವ ಕಡೆಯಂತೂ ಇದು ಸಲ್ಲದು.

ಎಚ್ಚರ ತಪ್ಪಬಾರದು

ಇನ್ನು ಮನೆಯೊಡತಿಯರು ಗಮನಿಸಲೇಬೇಕಾದ ಮಾತೊಂದಿದೆ. ಐಸೊಪ್ರೊಪೈಲ್ ಮದ್ಯಸಾರವು ೧೨ ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಡಿಮೆ ಉಷ್ಣತೆಯಲ್ಲಿಯೇ, ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಈ ನಾಡಿನ ಕೋಣೆಗಳು ಚಳಿಗಾಲದಲ್ಲಿಯೂ ಅದಕ್ಕಿಂತ ಬೆಚ್ಚಗಿರುತ್ತವೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇಳದೆ ನೆಲದ ಮೇಲೆ ಹರಡುತ್ತದೆ. ದೇವರ ಮುಂದಿನ ನಂದಾದೀಪ, ಊದುಬತ್ತಿ, ಸೊಳ್ಳೆಬತ್ತಿ, ಗ್ಯಾಸಿನ ಒಲೆ, ಇವು ಯಾವುವೂ ಹತ್ತಿರದಲ್ಲಿರಕೂಡದು. ಕಿಟಕಿಗಳು ತೆರೆದಿರಬೇಕು, ಮಕ್ಕಳು ದೊಡ್ಡವರಿಲ್ಲದೆ ಈ ಕೆಲಸಕ್ಕೆ ಕೂರಬಾರದು. ಕೊಳವೆಯಿಂದ ಬಾಯಲ್ಲಿ ಊದುವಾಗ ಉಸಿರನ್ನು ಒಳಗೆಳೆದುಕೊಂಡರೆ ಆವಿಯೂ ಒಳಗೆ ಹೋಗುತ್ತದೆ. ರಬ್ಬರ್ ಬುರುಡೆ ವಾಸಿಯೆಂದದ್ದು ಅದಕ್ಕಾಗಿಯೇ. ಬಿಲ್ಲೆಯ ಮೇಲಿನ ಹಸಿ ಶಾಯಿಗೆ ಬೆಂಕಿ ಹಚ್ಚಿ ವಿಚಿತ್ರವಾದ ನಮೂನೆಗಳನ್ನು ಪಡೆಯುವವರೂ ಉಂಟು. ಮದ್ಯಸಾರದ ಉರಿ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆರಿತೆಂದು ಶಾಯಿಯ ಸೀಸೆಯನ್ನು ಮತ್ತೆ ಬಗ್ಗಿಸಿದವರ ಕೈಯಲ್ಲಿಯೇ ಅದು ಭುಗಿಲೆನ್ನಬಹುದು. ಮನೆಯೊಳಗೆ ಅದನ್ನು ಮಾಡದಿರುವುದೇ ಬುದ್ಧಿವಂತಿಕೆ. ಬಿಲ್ಲೆಗೆ ಬೇಕಾದ ಬೆಂಕಿ ಅದಲ್ಲ.

ಅಜ್ಜಿಯ ಹೆಸರು

ಕಲ್ಪನೆಯ ಆ ಮನೆಗೆ ಮತ್ತೊಮ್ಮೆ ಹೋಗಿ ನೋಡಬಹುದು. ಹೆಬ್ಬಾಗಿಲಿನಲ್ಲಿ, ಮಳೆಬಿಸಿಲುಗಳ ಎದುರಿಗೆ, ವರ್ಷಗಟ್ಟಲೆ ನಿಲ್ಲಬೇಕಾದ ಹೆಸರಿಗೆ ಬೇರೆ ದಾರಿಯಿದೆ. ಪಿಂಗಾಣಿಯ ಮೇಲೆ ಬರೆಯಲೆಂದೇ ಮಾಡಿದ ಲೋಹದ ಬಣ್ಣಗಳು ದೊರೆಯುತ್ತವೆ. ಅವುಗಳಿಂದ ಬರೆದ ಬಿಲ್ಲೆಯನ್ನು ಆವಿಗೆಯುಳ್ಳ ಕುಂಬಾರಿಕೆಯ ಶಾಲೆಗೆ ಒಯ್ದು, ಸುಮಾರು ೭೫೦ರಿಂದ ೮೫೦ ಡಿಗ್ರಿಯ ಕಾವಿನಲ್ಲಿ ಇನ್ನೊಮ್ಮೆ ಸುಡಿಸಿದರೆ ಬಣ್ಣ ಗಾಜಿನೊಡನೆ ಬೆಸೆದುಕೊಳ್ಳುತ್ತದೆ. ಹರಿದಾಡುವ ಶಾಯಿಯ ಚೆಲುವು ಅದರಲ್ಲಿ ಬಾರದು. ಆದರೆ ಅಕ್ಷರ ಉಳಿಯುತ್ತದೆ.

ಮದ್ಯಸಾರದ ಶಾಯಿಯ ಬಿಲ್ಲೆಗೆ ತಕ್ಕ ಜಾಗ ಒಳಮನೆಯದು: ಬಿಸಿಲು ತಾಗದ ನಡುಮನೆಯ ಗೋಡೆ, ಪುಸ್ತಕದ ಕಪಾಟು, ಓದುವ ಮೇಜು. ಅಲ್ಲಿ ಅದು ಬಹುಕಾಲ ಕಣ್ಣಿಗೆ ತಂಪಾಗಿ ಇರಬಲ್ಲದು. ಮಾಸಿದರೂ ದುಃಖಿಸಬೇಕಾದುದಿಲ್ಲ. ಸುಟ್ಟ ಬಣ್ಣದಲ್ಲಿ ತಪ್ಪಿದರೆ ತಿದ್ದಲು ಬಾರದು. ಈ ಬಣ್ಣಕ್ಕೆ ಆ ಕಟ್ಟುಪಾಡಿಲ್ಲ.

ಮೊಮ್ಮಗಳು ಗೋಡೆಯಿಂದ ಕಿತ್ತ ಎಂಟು ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಹಳೆಯ ವಾರ್ನಿಷನ್ನು ಕೆರೆದು, ಮದ್ಯಸಾರದ ಬಟ್ಟೆಯಿಂದ ಒಂದೊಂದನ್ನಾಗಿ ಒರೆಸುತ್ತಾಳೆ. ಬಿಲ್ಲೆಗಳು ಹೊಸದರಂತೆ ಬೆಳ್ಳಗಾಗುತ್ತವೆ. ಈ ಸಲ ಅವಳು ಅವುಗಳ ಮೇಲೆ ಹೆಸರು ಬರೆಯುವುದಿಲ್ಲ. ಹೆಸರು ಆವಿಗೆಗೆ ಹೋಗಿದೆ. ಕಿಟಕಿ ತೆರೆದಿದೆ, ದೀಪ ದೂರವಿದೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಅಜ್ಜಿ ನೀಲಿಯ ಸೀಸೆಯನ್ನು ತಾನೇ ಕೈಗೆತ್ತಿಕೊಂಡು ಮೊದಲ ಹನಿಯನ್ನು ಬೀಳಿಸುತ್ತಾಳೆ.